ಬೆಂಕಿ ಇಲ್ದೇನೂ ಹೊಗೆ ಆಡುತ್ತೆ, ಮೇಷ್ಟ್ರೇ

ಶಿವಮೊಗ್ಗದಿಂದ ರಿಟೈರ್ಡ್ ಕಾಮರ್ಸ್ ಮೇಷ್ಟ್ರೊಬ್ಬರು ಬರ್ದಿದಾರೆ, ಪತ್ರ ಉದ್ದ ಇದೆ, ಮುಖ್ಯ ಭಾಗ ಇಷ್ಟು: "ಯಹೂದಿಗಳ ಮೇಲಿನ ದ್ವೇಷಕ್ಕೆ ಹಳೇ ಧರ್ಮಗ್ರಂಥಗಳೇ ಬೇರು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಎರಡು ಸಾವಿರ ವರ್ಷ ಹೋದಲ್ಲೆಲ್ಲ ಒದೆ ತಿಂದಿದ್ದಾರೆ ಅಂದ್ರೆ ಅವರಲ್ಲೇ ಏನೋ ಐಬು ಇರಬೇಕಲ್ಲವೇ? ಬಡ್ಡಿ ವ್ಯವಹಾರವೇ ಕಾರಣ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ."

ಮೇಷ್ಟ್ರೇ, ಅಕ್ಷರ ಮುತ್ತಿನಂಗಿದೆ, ಇಷ್ಟು ಚೆಂದದ ಕೈಬರಹ ಆಫೀಸಿಗೆ ಬಂದು ಎಷ್ಟು ವರ್ಷ ಆಯ್ತೋ. ಆದ್ರೆ ಆ ಗಾದೆ ಮಾತು ಮಾತ್ರ ನನಗೆ ಆಗಿಬರಲ್ಲ. ಒದೆ ತಿಂದವನನ್ನೇ ಹಿಡ್ಕೊಂಡು "ನೀನೇನೋ ಮಾಡಿರ್ತೀಯ ಬಿಡು" ಅನ್ನೋಕೆ ನಾವು ಇಟ್ಕೊಂಡಿರೋ ಗಾದೆ ಅದು.

ನಿಮ್ಮ ಮಾತಲ್ಲಿ ಅರ್ಧಾಣೆ ಸತ್ಯ ಇದೆ, ಒಪ್ತೀನಿ. ಸಾಲ ಕೊಟ್ಟವನನ್ನ ಯಾವ ಊರಲ್ಲೂ ಯಾರೂ ಪ್ರೀತಿಸಲ್ಲ. ಆದ್ರೆ ಯುರೋಪಲ್ಲಿ ಯಹೂದಿಗೆ ಜಮೀನು ಇಟ್ಕೊಳ್ಳೋದಕ್ಕೆ ಅಡ್ಡಿ, ಕಸುಬಿನ ಸಂಘಗಳಿಗೆ ಪ್ರವೇಶ ಇಲ್ಲ, ಕ್ರೈಸ್ತ ಬಡ್ಡಿ ತಗೊಂಡ್ರೆ ಪಾಪ ಅಂತ ಚರ್ಚ್ ನಿಯಮ, ಆಮೇಲೆ ರಾಜನಿಗೆ ದುಡ್ಡು ಬೇಕಾದಾಗೆಲ್ಲ ಈ ಯಹೂದಿಯ ಮೇಲೇ ತೆರಿಗೆ. ಎಲ್ಲಾ ಬಾಗಿಲು ಹಾಕಿ ಒಂದು ಕಿಟಕಿ ತೆಗ್ದಿಟ್ಟು, ಕಿಟಕೀಲಿ ಬಂದ ಕಳ್ಳ ಅಂದಂಗಾಯ್ತು. ಅದಿರ್ಲಿ, ಬಡ್ಡಿ ಪುರಾಣ ಶುರುವಾಗೋ ಎಷ್ಟೋ ಶತಮಾನ ಮುಂಚೇನೇ ದ್ವೇಷ ಬೆಳೆದು ಮರ ಆಗಿತ್ತಲ್ಲ, ಅದಕ್ಕೇನಂತೀರಿ?

ಕ್ರಿ.ಪೂ. 410ರಲ್ಲಿ ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಖ್ನೂಮ್ ಅನ್ನೋ ಟಗರು ತಲೆಯ ದೇವರ ಪೂಜಾರಿಗಳು ಸೇರ್ಕೊಂಡು ಯಹೂದಿಗಳ ಗುಡಿ ಕೆಡವಿಸಿದ್ರು. ಅವರು ಹಬ್ಬಕ್ಕೆ ಕುರಿ ಬಲಿ ಕೊಡ್ತಿದ್ದದ್ದೇ ಸಿಟ್ಟಿಗೆ ಕಾರಣ ಇರ್ಬೋದು ಅಂತ ಕೆಲವು ವಿದ್ವಾಂಸರ ಊಹೆ. ಕ್ರಿ.ಪೂ. 3ನೇ ಶತಮಾನದಲ್ಲಿ ಮನೆಥೋ ಅನ್ನೋ ಈಜಿಪ್ಟಿನ ಪುರೋಹಿತ, ಇವರ ಪೂರ್ವಿಕರು ಕುಷ್ಠರೋಗಿಗಳು, ನಾವೇ ಊರಿಂದ ಆಚೆಗೆ ಹಾಕಿದ್ದು ಅಂತ ಕಥೆ ಬರೆದ. ಯಾಕೆ ಗೊತ್ತಾ? ಯಹೂದಿಗಳು ಪಸ್ಕ ಹಬ್ಬದಲ್ಲಿ ಪ್ರತಿ ವರ್ಷ ಹೇಳ್ಕೊಳ್ಳೋ, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯಲ್ಲಿ ಈಜಿಪ್ಟಿನವರೇ ವಿಲನ್ನು! ಅವರ ಕಥೆಗೆ ಇವನ ಎದುರು ಕಥೆ. ಅಲ್ಲಿ ಬಡ್ಡಿ ಎಲ್ಲಿ ಬಂತು?

ಆದ್ರೂ ಅದು ನೆರೆಹೊರೆ ಜಗಳ, ಬರುತ್ತೆ ಹೋಗುತ್ತೆ. ಸಾಯದ ಜಗಳ ಅಂದ್ರೆ ದಾಯಾದಿ ಜಗಳ. ನಮ್ಮಜ್ಜಿ ಮನೆ ಪಕ್ಕದಲ್ಲೇ ನಮ್ಮ ದಾಯಾದಿಗಳ ಮನೆ ಇತ್ತು, ಬಾವಿ ಒಂದೇ, ಮಾತಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಅಜ್ಜಿ ನಮ್ಮನ್ನ ಕೂರಿಸ್ಕೊಂಡು ಅವರು ರಾತ್ರೋರಾತ್ರಿ ಬಾಂದು ಕಲ್ಲು ಕಿತ್ತಿಟ್ಟ ಕಥೆ ಹೇಳೋಳು. ಕಲ್ಲು ಕಿತ್ತವರೂ ಇಲ್ಲ, ನೋಡಿದವರೂ ಇಲ್ಲ, ಎಂಟು ವರ್ಷದ ನಾನು ಆ ಮನೆಯ ಹುಡುಗನ ಜೊತೆ ಒಂದು ಮಾತೂ ಆಡದೆ ಅವನನ್ನ ದ್ವೇಷಿಸ್ತಿದ್ದೆ. ಬಾಯಿಪಾಠ ಮಾಡಿದ ದ್ವೇಷಕ್ಕೆ ಅನುಭವ ಬೇಕಾಗಿಲ್ಲ ಮೇಷ್ಟ್ರೇ.

ಕ್ರೈಸ್ತರದ್ದೂ ಯಹೂದಿಗಳದ್ದೂ ಅಪ್ಪಟ ದಾಯಾದಿ ಜಗಳ. ಯೇಸು ಯಹೂದಿ, ತಾಯಿ ಮರಿಯ ಯಹೂದಿ, ಶಿಷ್ಯರು ಯಹೂದಿಗಳು, ಊರೂರು ತಿರುಗಿ ಯೇಸುವಿನ ಧರ್ಮ ಸಾರಿದ ಪೌಲ ಯಹೂದಿ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟ ಮೇಲೆ ಇಬ್ಬರೂ ಮೂಲಪುರುಷ ಅನ್ನೋ ಅಬ್ರಹಾಮನ ಆಸ್ತಿಗೆ ನಿಜವಾದ ವಾರಸುದಾರ ಯಾರು ಅನ್ನೋ ತಕರಾರು ಜೋರಾಯ್ತು, ಯೇಸುವಿನ ಕಥೆ ಹೇಳೋ ನಾಲ್ಕು ಸುವಾರ್ತೆಗಳಲ್ಲಿ ಹೆಚ್ಚಿನವು ಆ ಹೊತ್ತಲ್ಲೇ ಬರೆದದ್ದು ಅಂತಾರೆ. ಅದಕ್ಕೇ ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ ಓದಿ ನೋಡಿ. ಶಿಲುಬೆ ರೋಮನ್ನರ ಶಿಕ್ಷೆ, ಆರ್ಡರ್ ಕೊಟ್ಟವನು ರೋಮನ್ ಅಧಿಕಾರಿ ಪಿಲಾತ, ಆ ಕಾಲದ ಯಹೂದಿ ಬರಹಗಾರರಾದ ಫಿಲೋ, ಜೋಸೆಫಸ್ ಇಬ್ಬರೂ ಅವನು ಎಂಥ ಕ್ರೂರಿ ಅಂತ ಬರೆದಿಟ್ಟಿದಾರೆ. ಆದ್ರೆ ಇಲ್ಲಿ ಅವನು ನೀರು ತರಿಸಿ ಕೈ ತೊಳ್ಕೊಂಡ್‌ಬಿಡ್ತಾನೆ, ಜನರೆಲ್ಲ ಆತನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಅಂತ ಕೂಗ್ತಾರೆ. ಮಿಕ್ಕ ಮೂರು ಸುವಾರ್ತೆಗಳಲ್ಲಿ ಈ ಕೂಗು ಇಲ್ಲ. ಒಂದೇ ಒಂದು ಸಾಲು. ಆ "ಮಕ್ಕಳ ಮೇಲೂ" ಅನ್ನೋ ಮಾತಿಗೆ ಎಷ್ಟು ತಲೆಮಾರು ಬೆಲೆ ತೆತ್ತಿದೆ ಅಂದ್ರೆ ಲೆಕ್ಕದ ಮೇಷ್ಟ್ರಾದ ನಿಮಗೂ ಲೆಕ್ಕ ಸಿಗಲ್ಲ.

ಈಗ ಕ್ರಿ.ಶ. 386, ಇವತ್ತಿನ ತುರ್ಕಿಯಲ್ಲಿರೋ ಅಂತಿಯೋಕ್ಯ ಪಟ್ಟಣ. ಜಾನ್ ಕ್ರಿಸೊಸ್ಟೊಮ್ ಅನ್ನೋ ಪಾದ್ರಿ, ಆ ಹೆಸರಿನ ಅರ್ಥಾನೇ ಚಿನ್ನದ ಬಾಯಿಯವನು, ಯಹೂದಿಗಳ ವಿರುದ್ಧ ಸಾಲು ಸಾಲು ಪ್ರಸಂಗ ಮಾಡ್ತಾನೆ, ಸಿನಗಾಗು, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ದೆವ್ವಗಳ ಮನೆ ಅಂತಾನೆ. ವ್ಯಾಪಾರದಲ್ಲಿ ಮೋಸ ಅಂತಾನೂ ಒಂದು ಮಾತು ಸೇರಿಸ್ತಾನೆ, ನಿಮಗೆ ಖುಷಿಯಾಗ್ಲಿ! ಆದ್ರೆ ಅಸಲಿ ಸಿಟ್ಟು ಬೇರೆ. ಅವನ ಚರ್ಚಿನ ಜನಾನೇ ಯಹೂದಿಗಳ ಹಬ್ಬಕ್ಕೆ ಹೋಗ್ತಿದ್ರು, ಅವರ ಉಪವಾಸ ಹಿಡೀತಿದ್ರು. ಒಬ್ಬ ಕ್ರೈಸ್ತ, ಒಬ್ಬ ಹೆಂಗಸನ್ನ ವ್ಯಾಜ್ಯದ ವಿಷಯಕ್ಕೆ ಆಣೆ ಮಾಡು ಅಂತ ಸಿನಗಾಗಿಗೇ ಎಳ್ಕೊಂಡು ಹೋಗಿದ್ದನಂತೆ, ಅಲ್ಲಿ ಮಾಡಿದ ಆಣೆಗೆ ಭಯ ಜಾಸ್ತಿ ಅಂತ. ನಮ್ಮಲ್ಲಿ ಧರ್ಮಸ್ಥಳಕ್ಕೆ ಬಾ, ಆಣೆ ಹಾಕು ಅಂತಾರಲ್ಲ, ಥೇಟ್ ಹಂಗೆ. ಅಂದ್ರೆ ಸಾಮಾನ್ಯ ಜನಕ್ಕೆ ಯಹೂದಿ ಮೇಲೆ ದ್ವೇಷ ಇರಲೇ ಇಲ್ಲ, ಗೌರವ ಇತ್ತು, ಆ ಗೌರವ ಬಿಡಿಸೋಕೆ ಇಷ್ಟೆಲ್ಲ ಕೂಗಾಡಬೇಕಾಯ್ತು.

ಚರ್ಚಿನ ಪರವಾಗಿ ಹೇಳೋದೂ ಇದೆ. ಯಹೂದಿಗಳನ್ನ ಕೊಲ್ಲಕೂಡದು, ಅವರು ನಮ್ಮ ಗ್ರಂಥಕ್ಕೆ ಸಾಕ್ಷಿ ಅಂದವನು ಚರ್ಚಿನ ದೊಡ್ಡ ಪಂಡಿತ ಆಗಸ್ಟೀನ್. 1348ರಲ್ಲಿ ಪ್ಲೇಗ್ ಬಂದಾಗ ಬಾವಿಗೆ ವಿಷ ಹಾಕಿದ್ದು ಇವರಲ್ಲ, ಇವರೂ ಸಾಯ್ತಿದಾರೆ ನೋಡಿ ಅಂದವರು ಪೋಪ್ ಆರನೇ ಕ್ಲೆಮೆಂಟ್. ಯಾರು ಕೇಳಿದ್ರು? ಮುಂದಿನ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಯಹೂದಿಗಳನ್ನ ಸುಟ್ಟರು. 1290ರಲ್ಲಿ ಇಂಗ್ಲೆಂಡಿನಿಂದ ಓಡಿಸಿದ್ರಲ್ಲ, 1656ರ ತನಕ ಅಲ್ಲಿ ಬಹಿರಂಗವಾಗಿ ಯಹೂದಿಗಳೇ ಇರಲಿಲ್ಲ, ನಾವು ಕ್ಲಾಸಲ್ಲಿ ಓದಿದ, ಶೇಕ್ಸ್‌ಪಿಯರ್ ನಾಟಕದ ಬಡ್ಡಿ ಯಹೂದಿ ಶೈಲಾಕ್ ಹುಟ್ಟಿದ್ದು ಆ ಖಾಲಿ ಜಾಗದಲ್ಲೇ. ಬೆಂಕಿ ಎಲ್ಲಿತ್ತು ಮೇಷ್ಟ್ರೇ? ಮುಸ್ಲಿಂ ನಾಡುಗಳಲ್ಲೂ ಜಿಜಿಯಾ ತೆರಿಗೆ ಕೊಟ್ಕೊಂಡು ಎರಡನೇ ದರ್ಜೆ ಬದುಕೇ, 1066ರಲ್ಲಿ ಗ್ರಾನಡಾದಲ್ಲಿ ಕಗ್ಗೊಲೆನೂ ಆಯ್ತು. ಆದ್ರೆ 1492ರಲ್ಲಿ ಸ್ಪೇನ್ ಹೊರಗೆ ಹಾಕಿದಾಗ ಬನ್ನಿ ಅಂದಿದ್ದು ತುರ್ಕಿಯ ಸುಲ್ತಾನ ಬಾಯಜೀದ್.

ನಮ್ಮ ಮಂಗಳೂರನ್ನೇ ತಗೊಳ್ಳಿ. 1130ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಟ್ಯುನೀಸಿಯಾದ ಯಹೂದಿ ವ್ಯಾಪಾರಿ ಏಡನ್ ದಾರಿಯಲ್ಲಿ ಬಂದು ಇಲ್ಲಿ ನೆಲೆ ನಿಂತ, ಹದಿನೈದು ವರ್ಷದ ಮೇಲಿದ್ದ, ಹಿತ್ತಾಳೆ ಕಾರ್ಖಾನೆ ನಡೆಸ್ದ, ಇಲ್ಲಿಯ ಹೆಂಗಸಿನ ಜೊತೆ ಸಂಸಾರ ಮಾಡ್ದ. ಅವನ ಪತ್ರಗಳು ಕೈರೋದ ಸಿನಗಾಗಿನ ಹಳೇ ಕಾಗದದ ಕೋಣೆಯಲ್ಲಿ ಸಿಕ್ಕಿವೆ. ಹಡಗು ಮುಳುಗಿದ್ದು, ಮೆಣಸು, ಅಡಿಕೆ, ಇದೇ ಮಾತು. ಏಲಕ್ಕಿಗೆ ಅಂತ ಅಡ್ವಾನ್ಸ್ ಇಸ್ಕೊಂಡು ಮಾಲು ಕೊಡದ ಇಲ್ಲಿಯ ಆಸಾಮಿಯೊಬ್ಬನ ತಕರಾರೂ ಇದೆ, ಅಂದ್ರೆ ಟೋಪಿ ಹಾಕಿದ್ದು ನಮ್ಮೋರು! ದುಡ್ಡಿನ ವ್ಯವಹಾರದ ಯಹೂದಿ ನಮ್ಮ ಕರಾವಳಿಯಲ್ಲೇ ಇದ್ದ, ದೇವರನ್ನ ಕೊಂದವನು ಅನ್ನೋ ಕಥೆ ಇನ್ನೂ ಈ ದಡದಲ್ಲಿ ಬೇರು ಬಿಟ್ಟಿರಲಿಲ್ಲ, ಅಷ್ಟೇ. ಆಮೇಲೆ ಅದೇ ಸಮುದ್ರದಲ್ಲಿ ಪೋರ್ಚುಗೀಸರ ಹಡಗಲ್ಲಿ ಕಥೆ ಬಂತು. 1560ರಲ್ಲಿ ಗೋವೆಗೆ ಧರ್ಮ ತಪ್ಪಿದವರನ್ನ ವಿಚಾರಿಸಿ ಶಿಕ್ಷಿಸೋ ಚರ್ಚಿನ ಕೋರ್ಟು, ಇನ್‌ಕ್ವಿಸಿಷನ್. ನಮ್ಮ ಗಿಡಮೂಲಿಕೆಗಳ ಬಗ್ಗೆ 1563ರಲ್ಲೇ ಪುಸ್ತಕ ಬರೆದ ವೈದ್ಯ ಗಾರ್ಸಿಯಾ ದ ಓರ್ಟಾ ಯಹೂದಿ ಮೂಲದವನು, ಗುಟ್ಟಾಗಿ ಯಹೂದಿ ಧರ್ಮಾನೇ ಪಾಲಿಸ್ತಿದ್ದ ಅಂತ, ಅವನು ಸತ್ತು ಹನ್ನೆರಡು ವರ್ಷ ಆದ ಮೇಲೆ, 1580ರಲ್ಲಿ, ಮೂಳೆ ಅಗೆದು ತೆಗ್ದು ಸುಟ್ಟರು. ತಂಗಿಯನ್ನ ಅದಕ್ಕೂ ಮುಂಚೆ ಜೀವಂತ ಇದ್ದಾಗಲೇ ಸುಟ್ಟಾಗಿತ್ತು. ಗೋರಿಯೊಳಗಿನ ಮೂಳೆ ಯಾರಿಗೆ ಬಡ್ಡಿ ಕೊಟ್ಟಿತ್ತು?

ಈ ಕಥೆ ಓದೋ ಕ್ರಮ ಬದಲಾಯಿಸಿದವರಲ್ಲಿ ಒಬ್ಬರು ನಿಮ್ಮಂಥ ಮೇಷ್ಟ್ರೇ. ಜೂಲ್ಸ್ ಐಸಾಕ್, ಫ್ರಾನ್ಸಿನ ಶಾಲೆಗಳಿಗೆ ಇತಿಹಾಸದ ಪಠ್ಯಪುಸ್ತಕ ಬರೆದವರು, ಹೆಂಡತಿ ಮಗಳನ್ನ ನಾಜಿಗಳಿಗೆ ಕಳ್ಕೊಂಡ್ರು. ತಲೆ ಮರೆಸ್ಕೊಂಡು ಓಡಾಡ್ತಾ ಸುವಾರ್ತೆಗಳನ್ನ ಸಾಲು ಸಾಲಾಗಿ ಓದಿ ಟಿಪ್ಪಣಿ ಮಾಡ್ಕೊಂಡ್ರು, 1960ರಲ್ಲಿ, ಎಂಬತ್ತು ದಾಟಿದ ಮೇಲೆ, ಪೋಪ್ ಇಪ್ಪತ್ಮೂರನೇ ಜಾನ್ ಹತ್ರ ಹೋಗಿ ತಿರಸ್ಕಾರ ಕಲಿಸೋ ಪಾಠ ನಿಲ್ಸಿ ಅಂದ್ರು. 1965ರ ಅಕ್ಟೋಬರ್ 28ಕ್ಕೆ ಕ್ಯಾಥೊಲಿಕ್ ಬಿಷಪ್ಪರ ವ್ಯಾಟಿಕನ್ ಸಭೆ ಅಂದಿನ ಎಲ್ಲಾ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಯೇಸುವಿನ ಸಾವಿನ ಹೊರೆ ಹೊರಿಸಕೂಡದು ಅಂತ ಘೋಷಿಸ್ತು, ಪರ 2221, ವಿರುದ್ಧ 88. ನೋಡೋಕೆ ಐಸಾಕ್ ಇರಲಿಲ್ಲ, 1963ರಲ್ಲೇ ತೀರ್ಕೊಂಡಿದ್ರು.

ಇಂಥ ಒಬ್ಬ ಮೇಷ್ಟ್ರ ಹೆಸರು ನಮ್ಮ ಯಾವ ಪಠ್ಯದಲ್ಲೂ ನಾನು ಕಂಡಿಲ್ಲ, ಅಲ್ಲಿ ಯಹೂದಿ ಕಥೆ ಹಿಟ್ಲರಿಂದ ಶುರು ಹಿಟ್ಲರಿಗೇ ಮುಗೀತು, ಅವನಿಗೆ ಬೆಂಕಿಪೊಟ್ಟಣ ಕೊಟ್ಟೋರು ಯಾರು ಅಂತ ಹುಡುಗರು ಕೇಳೋದೂ ಇಲ್ಲ. ಇಸ್ರೇಲಲ್ಲಿ ಬಾಂಬ್ ಬಿದ್ದಾಗ ಮಾತ್ರ ನಮಗೆ ಚೀಲಗಟ್ಟಲೆ ಪತ್ರ ಬರುತ್ತೆ. ಅರ್ಧ ಜನಕ್ಕೆ ಇಲ್ಲಿಯ ಮುಸ್ಲಿಮರನ್ನ ಬೈಯೋಕೆ ಯಹೂದಿ ಬೇಕು, ಇನ್ನರ್ಧ ಅಲ್ಲಿಯ ಸರ್ಕಾರವನ್ನ ಬೈಯೋಕೆ ಹೋಗಿ "ಅವರು ಮೊದಲಿಂದ್ಲೂ ಹಂಗೇ" ಅಂತ ಮತ್ತಾಯನ ಜನಜಂಗುಳಿಯಲ್ಲಿ ಸೇರ್ಕೊಳ್ತಾರೆ. ನೀವು ಎರಡರಲ್ಲೂ ಇಲ್ಲ, ಪ್ರಶ್ನೆ ಕೇಳಿದ್ರಿ, ಅದಕ್ಕೇ ಇಷ್ಟು ಪುಟ ಸುರಿದೆ, ಜಾಹೀರಾತಿನವರು ಬೈತಿದಾರೆ.

ಮತ್ತೆ ಬರೀರಿ, ಬೈದಾದ್ರೂ ಬರೀರಿ. ಒಂದೇ ಒಂದು ಮಾತು, ಈ ಸಲ ಕವರಿಗೆ ಸ್ಟಾಂಪು ಕಮ್ಮಿ ಹಚ್ಚಿದ್ರಿ, ಪೋಸ್ಟ್‌ಮ್ಯಾನ್‌ಗೆ ಹತ್ತು ರೂಪಾಯಿ ನಾನೇ ಕೊಟ್ಟು ಬಿಡಿಸ್ಕೊಂಡೆ. ಸಿಕ್ಕಾಗ ಕೊಡಿ, ಬಡ್ಡಿ ಬೇಡ.

— ಸಂಪಾದಕ