ಪಂಜರದ ಮೀನು, ಮೂರು ವರ್ಷದ ಪ್ಲಾನು

ಪ್ರಶ್ನೆ: ಸರ್ ನಮಸ್ಕಾರ. ನಾನು ಕಾರವಾರದವನು, ಮುಂಬೈ ವರ್ಸೋವಾದಲ್ಲಿ ಫಿಶರೀಸ್ ಓದಿ ಈಗ ವಾಸ್ಕೋದಲ್ಲಿದೀನಿ. ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕೋ ಹತ್ತು ಮನೆಯವರ ಗುಂಪಿಗೆ ಮೂರು ವರ್ಷದ ರಿಸರ್ಚ್ ಪ್ಲಾನ್ ಮಾಡಿಕೊಡು ಅಂದಿದಾರೆ. ಸಾಕೋರಿಗೆ ಇವತ್ತೇ ಉತ್ತರ ಬೇಕು, ವಿಜ್ಞಾನಿಗಳಿಗೆ ಪೇಪರ್ ಬೇಕು, ಮಧ್ಯೆ ನಾನು ಸಿಕ್ಕಾಕ್ಕೊಂಡಿದೀನಿ. ಆಸ್ಟ್ರೇಲಿಯಾದ ಟ್ಯೂನಾ ಸಾಕಣೆಯವರಿಂದ ಏನಾದ್ರೂ ಕಲೀಬಹುದಾ?
ಓದುಗ, ವಾಸ್ಕೋ

ಉತ್ತರ: ಮಧ್ಯೆ ಇರೋದೇ ನಿಮ್ಮ ಕೆಲಸ ಕಣ್ರೀ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ನೀವು ಹೇಳ್ತಿರೋದು ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್. ಅಲ್ಲಿ 1990ರ ಆಸುಪಾಸಲ್ಲಿ ಶುರುವಾಗಿದ್ದು, ನಮ್ಮ ಮುಂಬೈನ ಮೀನು ಬಂದರು ಸಸೂನ್ ಡಾಕ್‌ನಲ್ಲಿ ಟ್ಯೂನಾಗೆ ಕುಪ್ಪಾ ಅಂತೀವಲ್ಲ, ಅದರ ದೊಡ್ಡ ನೆಂಟ ಸದರ್ನ್ ಬ್ಲೂಫಿನ್ ಟ್ಯೂನಾ. ಅದನ್ನ ಮೊಟ್ಟೆಯಿಂದ ಸಾಕಲ್ಲ, ಎಳೇ ಮೀನನ್ನ ನಡುಸಮುದ್ರದಲ್ಲಿ ಹಿಡಿದು ತೇಲೋ ಪಂಜರದಲ್ಲೇ ನಿಧಾನಕ್ಕೆ ಎಳ್ಕೊಂಡು ಬಂದು, ಕೆಲವು ತಿಂಗಳು ಬೂತಾಯಿ, ಅಂದ್ರೆ ನಿಮ್ಮ ಗೋವಾದ ತಾರ್ಲೆ ಥರದ ಮೀನು ತಿನ್ನಿಸಿ ಕೊಬ್ಬಿಸಿ ಹೆಚ್ಚಾಗಿ ಜಪಾನಿಗೆ ಕಳಿಸ್ತಾರೆ. ಹಿಡಿಯೋಕೆ ಕೋಟಾ ಇದೆ. ಹಾಗಾಗಿ ಜಾಸ್ತಿ ಹಿಡಿದು ದುಡ್ಡು ಮಾಡೋ ದಾರಿನೇ ಇಲ್ಲ, ಇರೋ ಮೀನು ಸಾಯಬಾರದು, ಚೆನ್ನಾಗಿ ಬೆಳೀಬೇಕು, ಅವರ ರಿಸರ್ಚಿನ ಪ್ರಶ್ನೆಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಒಂದು ಕೆಜಿ ಮೈ ಬರೋಕೆ 10 ಕೆಜಿಗಿಂತ ಜಾಸ್ತಿ ಬೂತಾಯಿ ಬೇಕು, ಆದ್ರಿಂದ ಮೇವಿನ ಪ್ರಶ್ನೆ ಮೊದಲು ಬಂತು. ಆಮೇಲೆ ಕಾರ್ಡಿಕೋಲಾ ಅನ್ನೋ ರಕ್ತದ ಹುಳ ಕಿವಿರಿಗೆ ತೊಂದರೆ ಕೊಟ್ಟು ಮೀನು ಸಾಯ್ತಿದ್ದಾಗ, ಪ್ರಾಜಿಕ್ವಾಂಟೆಲ್ ಔಷಧಿಯನ್ನ ಮೇವಿನಲ್ಲೇ ಕೊಡೋ ವಿಧಾನ ಸಿಕ್ತು. ಮರುದಿನದಿಂದಲೇ ದೋಣಿಯಲ್ಲಿ ತಗೊಂಡು ಹೋಗಬಹುದಾದ ಉತ್ತರ ಅದು, ಅದರ ಮೇಲೆ ಪೇಪರೂ ಬಂದ್ವು.

ಕಷ್ಟ ಬೇರೆ ಕಡೆ ಇದೆ. ಟ್ಯೂನಾ ಈಜ್ತಾನೇ ಇರಬೇಕು, ನಿಂತ್ರೆ ಉಸಿರಿಲ್ಲ, ಅದಕ್ಕೆ ಚಿಕ್ಕ ಟ್ಯಾಂಕಲ್ಲಿ ಟ್ರಯಲ್ ಮಾಡೋದು ಕಷ್ಟ, ಒಂದೊಂದು ಮೀನೂ ದುಬಾರಿ, ಕೊಯ್ದು ನೋಡ್ತೀನಿ ಅಂದ್ರೆ ಓನರ್ ಕೊಡೋದು ಕೊಯ್ಲಿನ ದಿನ ಮಾತ್ರ. ನಿಮ್ಮಲ್ಲೂ ಹತ್ತೇ ಮನೆ. ಎರಡು ಪಂಜರಕ್ಕೆ ಹೊಸ ಮೇವು, ಎರಡಕ್ಕೆ ಹಳೇದು ಹಾಕಿ ಗೆದ್ದಿದ್ದು ಯಾವುದು ಅಂತ ಹೇಳೋಕೆ ಹೋಗಬೇಡಿ, ಅದು ನೀರಿನ ಸೆಳೆತದಿಂದ ಬಂದ ವ್ಯತ್ಯಾಸ ಇರಬಹುದು. ಒಂದೇ ಪ್ರಶ್ನೆ ತಗೊಂಡು ಹತ್ತೂ ಮನೆಯ ಪಂಜರದಲ್ಲಿ ನಡೆಸಿ.

ಅದಕ್ಕೂ ಮೊದಲು ದಿನಾ ಲೆಕ್ಕ ಬರೆಯೋ ಅಭ್ಯಾಸ ಮಾಡಿಸಿ: ನೀರಿನ ಬಿಸಿ, ಆಕ್ಸಿಜನ್, ಸತ್ತ ಮೀನು. 1996ರ ಏಪ್ರಿಲಲ್ಲಿ ಪೋರ್ಟ್ ಲಿಂಕನ್‌ನಲ್ಲಿ ರಾಶಿ ರಾಶಿ ಟ್ಯೂನಾ ಸತ್ತಾಗ, ಬಿರುಗಾಳಿ ಎಬ್ಬಿಸಿದ ಹೂಳು ಅಂತ ಕೆಲವರು, ವಿಷದ ಪಾಚಿ ಅಂತ ಕೆಲವರು ವಾದ ಮಾಡಿದ್ರು, ಆಮೇಲೆ ಪಂಜರಗಳನ್ನ ಆಳದ ನೀರಿಗೆ ಸಾಗಿಸಿದ್ರು. ಅಂಥ ದಿನ ಬಂದಾಗ ನಿಮ್ಮ ಕೈಯಲ್ಲಿ ಪುಸ್ತಕ ಇರಬೇಕು.

ದುಡ್ಡಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಲ್ಲಿ ಸಾಕೋರೇ ಹಣ ಹಾಕ್ತಾರೆ, ಸರ್ಕಾರವೂ ಸೇರಿಸುತ್ತೆ, 2001ರಲ್ಲಿ ಶುರುವಾದ ಅಕ್ವಾಫಿನ್ ಸಿಆರ್‌ಸಿ ಅನ್ನೋ ಸಹಕಾರಿ ಸಂಶೋಧನಾ ಕೇಂದ್ರದಲ್ಲಿ ಉದ್ಯಮ, ಯೂನಿವರ್ಸಿಟಿ, ಸರ್ಕಾರ ಮೂರೂ ಒಟ್ಟಿಗೆ ಕೂತಿದ್ವು. ನಿಮ್ಮ ಹತ್ತು ಮನೆಯವರಿಂದಲೂ ಸ್ವಲ್ಪ ಹಾಕಿಸಿ, ದುಡ್ಡಿಲ್ಲಾಂದ್ರೆ ಮೇವು, ಆಳು. ಹಾಕಿದವನು ಕೇಳ್ತಾನೆ, ಕೇಳಿದ್ರೇನೇ ಪ್ರಶ್ನೆ ನೇರವಾಗಿರುತ್ತೆ. ಮರಿ ಮಾಡಿಸಿಕೊಡ್ತೀವಿ ಅಂತ ಮಾತ್ರ ಮಾತು ಕೊಡಬೇಡಿ. ಜಪಾನಿನ ಕಿಂಡಾಯ್ ಯೂನಿವರ್ಸಿಟಿಯವರು ಬ್ಲೂಫಿನ್ ಮೇಲೆ 1970ರಲ್ಲಿ ಕೆಲಸ ಶುರು ಮಾಡಿ, ಸಾಕಿದ ಮೀನಿಂದಲೇ ಮರಿ ಪಡೆದಿದ್ದು 2002ರಲ್ಲಿ.

ಹಿಂದೆ ಮುಂಬೈಲಿ ಇಂಥದೇ ಒಂದು ಪ್ರಾಜೆಕ್ಟ್ ನೋಡ್ಕೊಂಡಿದ್ದೆ. ರಿಪೋರ್ಟ್ ಚೆನ್ನಾಗಿತ್ತು, ಇಂಗ್ಲಿಷಲ್ಲಿತ್ತು, ಕೋಳಿ ಸಮುದಾಯದ ಮೀನುಗಾರರ ಕೇರಿಗೆ ತಲುಪೋಷ್ಟರಲ್ಲಿ ಸೀಸನ್ ಮುಗಿದಿತ್ತು, ಅದೇ ತಪ್ಪಿಗೆ ಮತ್ತೆ ಮೀನು ಸತ್ತಿತ್ತು. ಒಬ್ಬ ಅಜ್ಜ ಬೈಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ರು, ಅದು ಇವತ್ತಿಗೂ ಚುಚ್ಚುತ್ತೆ. ಅದಕ್ಕೇ ಹೇಳ್ತೀನಿ, ಪೇಪರಿಗೆ ಮುಂಚೆ ಎರಡು ಪುಟ ಕೊಂಕಣಿಯಲ್ಲಿ ಬರಲಿ, ಟ್ರಯಲ್ ಫೇಲಾಗಿದ್ರೂ ಬರಲಿ.

ಪ್ಲಾನ್ ಆಫೀಸಲ್ಲಿ ಕೂತು ಬರೀಬೇಡಿ. ಮಳೆಗಾಲದಲ್ಲಿ ಬಲೆ ರಿಪೇರಿ ಮಾಡ್ತಾ ಕೂತಿರ್ತಾರಲ್ಲ, ಆಗ ಹೋಗಿ, ಹೋದ ವರ್ಷ ಯಾವಾಗ ಎಷ್ಟು ಮೀನು ಸತ್ತವು ಅಂತ ಒಬ್ಬೊಬ್ಬರನ್ನೇ ಕೇಳಿ ಬರ್ಕೊಳ್ಳಿ.