ಅರ್ಥಶಾಸ್ತ್ರದ ಪ್ರಾಜೆಕ್ಟ್ ಅಂದ್ರೆ ಚಾರ್ಟ್ ಪೇಪರೇನಾ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಅರ್ಥಶಾಸ್ತ್ರದ ಪಾಠಕ್ಕೆ ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಚಾರ್ಟ್ ಮೇಲೆ ಚಿತ್ರ ಅಂಟಿಸಿಕೊಂಡು ಬರುತ್ತಾರೆ. ಅದರಲ್ಲೂ ಅರ್ಧ ಕೆಲಸ ಅಪ್ಪ ಅಮ್ಮಂದಿರದ್ದು. ಕ್ಲಾಸಿನಲ್ಲಿ 40 ಮಕ್ಕಳಿದ್ದಾರೆ, ಖರ್ಚಿಗೆ ದುಡ್ಡಿಲ್ಲ. ಬೇಡಿಕೆ, ಪೂರೈಕೆ ತಲೆಗೆ ಹತ್ತುವಂಥ ಪ್ರಾಜೆಕ್ಟ್ ಯಾವುದಾದರೂ ಇದೆಯಾ?

ಉತ್ತರ: ಇದೆ ಮೇಡಂ. 40 ಚೀಟಿ ಮತ್ತು ಒಂದು ಬೋರ್ಡ್ ಇದ್ದರೆ ಸಾಕು.

ಅರ್ಧ ಮಕ್ಕಳು ಕೊಳ್ಳುವವರು, ಅರ್ಧ ಮಕ್ಕಳು ಮಾರುವವರು. ಕೊಳ್ಳುವವರ ಚೀಟಿಗಳಲ್ಲಿ 1ರಿಂದ 10ರವರೆಗಿನ ಅಂಕಿ ಬರೆಯಿರಿ, ಒಂದೊಂದು ಅಂಕಿಗೆ ಎರಡೆರಡು ಚೀಟಿ. ಮಾರುವವರಿಗೂ ಹಾಗೆಯೇ. ಕೊಳ್ಳುವವರ ಕೈಯಲ್ಲಿರುವ ಅಂಕಿ ಅಂದರೆ ಅವರು ಕೊಡಬಹುದಾದ ಅತಿ ಹೆಚ್ಚಿನ ಬೆಲೆ. ಮಾರುವವರಿಗೆ ಅದು ಅವರ ಅಸಲು, ಅದಕ್ಕಿಂತ ಕಡಿಮೆಗೆ ಕೊಡುವ ಹಾಗಿಲ್ಲ. ಚೀಟಿಯನ್ನು ಯಾರಿಗೂ ತೋರಿಸಬಾರದು. ಒಂದು ಸುತ್ತಿಗೆ ಒಬ್ಬರಿಗೆ ಒಂದೇ ವ್ಯಾಪಾರ. ಐದು ನಿಮಿಷ ಚೌಕಾಸಿಗೆ ಬಿಡಿ. ಬೆಲೆಯನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು, ವ್ಯಾಪಾರ ಕುದುರಿದ ಕೂಡಲೇ ಆ ಬೆಲೆ ಬೋರ್ಡಿನ ಮೇಲೆ ಬರಬೇಕು. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಡಿ.

ಮೊದಲ ಸುತ್ತಿನಲ್ಲಿ ಬೆಲೆ ದಿಕ್ಕಾಪಾಲಾಗಿರುತ್ತದೆ. ಒಬ್ಬ 3ಕ್ಕೆ ಕೊಟ್ಟುಬಿಟ್ಟಿರುತ್ತಾನೆ, ಇನ್ನೊಬ್ಬಳು 8 ತೆತ್ತಿರುತ್ತಾಳೆ. ಅದೇ ಚೀಟಿಗಳನ್ನಿಟ್ಟುಕೊಂಡು ಇನ್ನೂ ಎರಡು ಮೂರು ಸುತ್ತು ಆಡಿಸಿ. ಬೋರ್ಡ್ ನೋಡಿಕೊಂಡ ಮಕ್ಕಳು ಹುಷಾರಾಗುತ್ತಾರೆ. ಬೆಲೆ ಸಾಮಾನ್ಯವಾಗಿ 5 ಮತ್ತು 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ವ್ಯಾಪಾರ ಸುಮಾರು ಹತ್ತು ನಡೆಯುತ್ತದೆ. ಈ ಬೆಲೆಯನ್ನು ಯಾರೂ ಗೊತ್ತು ಮಾಡಿದ್ದಲ್ಲ. ಎಲ್ಲರ ಚೀಟಿ ನೋಡಿದವರು ನೀವೊಬ್ಬರೇ. ಆಟ ಮುಗಿದ ಮೇಲೆ ಚೀಟಿಗಳನ್ನು ಬಿಚ್ಚಿಸಿ, ಒಂದೊಂದು ಬೆಲೆಗೆ ಎಷ್ಟು ಜನ ಕೊಳ್ಳಬಲ್ಲರು, ಎಷ್ಟು ಜನ ಮಾರಬಲ್ಲರು ಎಂದು ತೋರಿಸುವ ಬೇಡಿಕೆ ಮತ್ತು ಪೂರೈಕೆಯ ಗೆರೆಗಳನ್ನು ಮಕ್ಕಳ ಕೈಯಲ್ಲೇ ಎಳೆಸಿ. ಪುಸ್ತಕದಲ್ಲಿ ಸುಮ್ನೆ ಎರಡು ಗೆರೆಯಾಗಿದ್ದದ್ದು ಈಗ ಅವರದೇ ಕ್ಲಾಸಿನ ಲೆಕ್ಕವಾಗುತ್ತದೆ.

ನನಗೆ ಜಾಸ್ತಿ ಇಷ್ಟ ಮುಂದಿನ ಸುತ್ತು. ಮಾರುವವರು ಪ್ರತಿ ವ್ಯಾಪಾರಕ್ಕೆ 2 ತೆರಿಗೆ ಕಟ್ಟಬೇಕು ಎಂದು ಘೋಷಿಸಿ. ಆಟಕ್ಕೆ ಮುಂಚೆ ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ: ಬೆಲೆ ಎಷ್ಟು ಏರುತ್ತದೆ? ಬಹಳ ಜನ ‘2’ ಅಂತಲೇ ಬರೆಯುತ್ತಾರೆ. ಆದರೆ ಲೆಕ್ಕದ ಪ್ರಕಾರ ಬೆಲೆ 6 ಮತ್ತು 7ರ ನಡುವೆ ನಿಲ್ಲಬೇಕು, ಅಂದರೆ ಏರುವುದು ಸುಮಾರು 1 ಮಾತ್ರ. ಉಳಿದ 1 ಮಾರುವವರ ಜೇಬಿನಿಂದ ಹೋಗುತ್ತದೆ. ವ್ಯಾಪಾರವೂ ಹತ್ತರಿಂದ ಎಂಟಕ್ಕೆ ಇಳಿಯುತ್ತದೆ. ಹಾಗಾದರೆ ತೆರಿಗೆ ಕಟ್ಟಿದ್ದು ಯಾರು? ಈ ಒಂದು ಪ್ರಶ್ನೆಗೆ ಒಂದು ಪೀರಿಯಡ್ ಪೂರ್ತಿ ಕೊಡಿ. ಆಟಕ್ಕಿಂತ ಆಮೇಲಿನ ಈ ಮಾತುಕತೆಯಲ್ಲೇ ಪಾಠ ಇರುವುದು. ಸಮಯ ಸಾಲದಿದ್ದರೆ ಆಟದ ಸುತ್ತು ಕಡಿಮೆ ಮಾಡಿ, ಮಾತುಕತೆ ಬಿಡಬೇಡಿ.

ಇದು ಹೊಸ ಆಟವೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಗೆ ಇಂಥ ಚೀಟಿ ಹಂಚಿ ವ್ಯಾಪಾರ ಮಾಡಿಸಿ, ಅದರ ಬಗ್ಗೆ 1948ರಲ್ಲಿ ಲೇಖನ ಬರೆದರು. ಬೇಡಿಕೆ, ಪೂರೈಕೆಯ ಗೆರೆಗಳು ಸೇರುತ್ತವೆ ಎಂದು ಪುಸ್ತಕ ಹೇಳುವ ಬೆಲೆ ನಿಜವಾದ ವ್ಯಾಪಾರದಲ್ಲಿ ಹಾಗೆಲ್ಲ ಬರುವುದಿಲ್ಲ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಆ ಪ್ರಯೋಗದಲ್ಲಿ ಕೂತಿದ್ದ ವರ್ನನ್ ಸ್ಮಿತ್ ಮುಂದೆ ತಾವೇ ಮೇಷ್ಟ್ರಾದಾಗ ಎರಡು ಬದಲಾವಣೆ ಮಾಡಿದರು. ಬೆಲೆಯನ್ನು ಎಲ್ಲರೆದುರು ಕೂಗಿಸಿದರು, ಅದೇ ಮಾರುಕಟ್ಟೆಯನ್ನು ಮತ್ತೆ ಮತ್ತೆ ನಡೆಸಿದರು. ಬೆಲೆ ಒಂದು ಕಡೆ ಬಂದು ನಿಂತಿತು. ಕ್ಲಾಸ್‌ರೂಮಿನಲ್ಲಿ ಶುರುವಾದ ಆ ಪ್ರಯೋಗಗಳ ಹಾದಿಯೇ ಅವರಿಗೆ 2002ರಲ್ಲಿ ನೊಬೆಲ್ ತಂದುಕೊಟ್ಟಿತು.

ಪ್ರಶ್ನೆ: ಮಗಳ ಶಾಲೆಯಲ್ಲಿ ಮಕ್ಕಳಿಂದ ಒಂದು ದಿನದ ಅಂಗಡಿ ಇಡಿಸುತ್ತಾರೆ. ಸಾಮಾನೆಲ್ಲ ನಾವೇ ಕೊಡಿಸಬೇಕು. ಹೆಚ್ಚು ಲಾಭ ಮಾಡಿದ ತಂಡಕ್ಕೆ ಬಹುಮಾನ. ಇದರಿಂದ ಮಕ್ಕಳು ಅರ್ಥಶಾಸ್ತ್ರ ಕಲಿಯುತ್ತಾರಾ?

ಉತ್ತರ: ಸಾಮಾನು ಪುಕ್ಕಟೆ ಬಂದರೆ ಮಾರಿದ್ದೆಲ್ಲ ಲಾಭವೇ ಅಲ್ವಾ? ಆ ಅಂಗಡಿಯಲ್ಲಿ ಮಕ್ಕಳು ಚಿಲ್ಲರೆ ಎಣಿಸುವುದನ್ನು ಕಲಿಯಬಹುದು, ಅಷ್ಟೇ. ಮನೆಯವರ ಜೇಬು ದೊಡ್ಡದಿದ್ದ ತಂಡ ಗೆದ್ದರೂ ಅದು ವ್ಯಾಪಾರದ ಜಾಣ್ಮೆ ಎನಿಸಿಕೊಳ್ಳುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ.

ಅಂಗಡಿ ಇಡಲಿ, ಆದರೆ ಶಾಲೆಯವರಿಗೆ ಒಂದೆರಡು ಮಾತು ಹೇಳಿ ನೋಡಿ. ಎಲ್ಲ ತಂಡಕ್ಕೂ ಶಾಲೆಯೇ ಒಂದೇ ಮೊತ್ತದ ಸಾಲ ಕೊಡಲಿ, ಕೊನೆಗೆ ಸ್ವಲ್ಪ ಬಡ್ಡಿ ಸೇರಿಸಿ ವಾಪಸ್ ತೆಗೆದುಕೊಳ್ಳಲಿ. ಉಳಿದ ಸಾಮಾನು ನಷ್ಟದ ಲೆಕ್ಕಕ್ಕೆ ಹೋಗಲಿ. ಎಷ್ಟು ಮಾರಾಟವಾಗುತ್ತದೆ, ಯಾಕೆ ಎಂದು ಹಿಂದಿನ ದಿನವೇ ಬರೆದುಕೊಡಲಿ. ತಮ್ಮ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಿ. ಆ ಹೊತ್ತಿನಲ್ಲಿ ಬೇರೆ ಏನು ಮಾಡಬಹುದಿತ್ತು, ಯಾವುದನ್ನು ಬಿಟ್ಟುಕೊಟ್ಟೆವು? ಪುಸ್ತಕಗಳು ಅವಕಾಶ ವೆಚ್ಚ ಎನ್ನುವುದು ಇದನ್ನೇ. ಹನ್ನೆರಡು ವರ್ಷದ ಮಗುವಿಗೂ ಇದು ಸಲೀಸಾಗಿ ಅರ್ಥವಾಗುತ್ತದೆ, ಬಿಟ್ಟದ್ದು ಆಟದ ಪೀರಿಯಡ್ ಆಗಿದ್ದರೆ ಇನ್ನೂ ಬೇಗ.

ಬಹುಮಾನ ಕೊಡಲೇಬೇಕು ಅಂದರೆ ತನ್ನ ಅಂದಾಜು ಯಾಕೆ ತಪ್ಪಿತು ಎಂದು ಚೆನ್ನಾಗಿ ವಿವರಿಸಿದ ತಂಡಕ್ಕೆ ಕೊಡಲಿ. ನಷ್ಟ ಮಾಡಿಕೊಂಡ ತಂಡದ ಹತ್ತಿರ ಹೇಳುವುದಕ್ಕೆ ಜಾಸ್ತಿ ಇರುತ್ತದೆ.

ಪ್ರಶ್ನೆ: ಐದನೇ ತರಗತಿ ಮಕ್ಕಳಿಗೂ ಇಂಥದ್ದೇನಾದರೂ ಮಾಡಿಸಬಹುದಾ?

ಉತ್ತರ: ಮೀನಿನ ಆಟ ಆಡಿಸಿ. ನಾಲ್ಕು ಮಕ್ಕಳ ಮಧ್ಯೆ ಒಂದು ಬಟ್ಟಲು, ಅದರಲ್ಲಿ 16 ಬೀಜ. ಬಟ್ಟಲೇ ಕೆರೆ, ಬೀಜಗಳೇ ಮೀನು. ಪ್ರತಿ ಸುತ್ತಿನಲ್ಲಿ ಒಬ್ಬರು 3ರವರೆಗೆ ಹಿಡಿಯಬಹುದು. ಉಳಿದಷ್ಟು ಮೀನು ಎರಡರಷ್ಟಾಗುತ್ತವೆ, ಆದರೆ 16 ದಾಟುವುದಿಲ್ಲ. ಎಲ್ಲರೂ 3 ಹಿಡಿದರೆ ಉಳಿಯುವುದು 4, ಅದು 8 ಆಗುತ್ತದೆ. ಮುಂದಿನ ಸುತ್ತಿಗೆ ಕೆರೆ ಖಾಲಿ. ಎಲ್ಲರೂ ಎರಡೆರಡೇ ಹಿಡಿದರೆ 8 ಉಳಿದು ಮತ್ತೆ 16 ಆಗುತ್ತವೆ, ಆಟ ಮುಗಿಯುವುದೇ ಇಲ್ಲ.

ಮೊದಲ ಸಲ ಮಾತಾಡದೆ ಆಡಿಸಿ, ಎರಡನೇ ಸಲ ಮಾತಿಗೆ ಬಿಡಿ. ತಾವೇ ಕಟ್ಟಳೆ ಮಾಡಿಕೊಳ್ಳುತ್ತಾರೆ, ಮೀರಿದವರಿಗೆ ದಂಡವನ್ನೂ ಹಾಕುತ್ತಾರೆ! ಕಾಡು, ಮೀನುಗಾರಿಕೆ, ನೀರಾವರಿಯಂಥ ಹಂಚಿಕೊಂಡ ಆಸ್ತಿಯನ್ನು ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಎಲಿನಾರ್ ಆಸ್ಟ್ರಂ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಐದನೇ ತರಗತಿಗೆ ಈ ಹೆಸರೆಲ್ಲ ಬೇಡ. ಹಾಗೆಯೇ ನಿಯಮ ನೀವು ಮಾಡಿಕೊಡಬೇಡಿ, ಕೆರೆ ಒಂದೆರಡು ಸಲ ಖಾಲಿಯಾದರೂ ಪರವಾಗಿಲ್ಲ. ಬೀಜ ಮಾತ್ರ ತಿನ್ನುವಂಥದ್ದು ಇಡಬೇಡಿ, ಲೆಕ್ಕ ತಪ್ಪಿಹೋಗುತ್ತದೆ.