ಮುರಿದ ಕ್ರೇಯಾನ್, ಒಣಗಿದ ಸ್ಕೆಚ್ ಪೆನ್: ನಮ್ಮ ಬಿಸಿಲಲ್ಲೇ ಹೊಸ ಬಣ್ಣ

ಮೇಡಂ, ಸಿಂಧನೂರು ಕಡೆಯ ನಿಮ್ಮ ಶಾಲೆಯಲ್ಲಿ ಡಬ್ಬಿ ತುಂಬ ಮುರಿದ ಕ್ರೇಯಾನ್, ಒಣಗಿದ ಸ್ಕೆಚ್ ಪೆನ್, ಸೀಮೆಸುಣ್ಣದ ಚೂರು ಬಿದ್ದಿವೆ, ಒಲೆ ಹಚ್ಚದೆ ಮಕ್ಕಳಿಂದ ಏನು ಮಾಡಿಸಬಹುದು ಅಂತ ಕೇಳಿದ್ದೀರಿ. ದಯವಿಟ್ಟು ಯಾವುದನ್ನೂ ಎಸೆಯಬೇಡಿ. ರಾಯಚೂರು ಜಿಲ್ಲೆಯ ಬಿಸಿಲಿರುವಾಗ ಒಲೆ ಯಾಕೆ ಬೇಕು?

ಮುರಿದ ಕ್ರೇಯಾನ್ ಬಿಸಿಲಲ್ಲಿ ಕರಗಿಸಿ ಹೊಸ ಬಣ್ಣದ ಬಿಲ್ಲೆ ಮಾಡಬಹುದು. ಅದಕ್ಕೆ ಮೊದಲು ವಿಂಗಡಿಸಬೇಕು. ಕರಗಿಸಲು ಬರುವುದು ಮೇಣದ ಕ್ರೇಯಾನ್ ಮಾತ್ರ. ಮಕ್ಕಳಿಗೆ ಉಗುರಿನಿಂದ ಕೆರೆಯಲು ಹೇಳಿ. ಮೇಣವಾದರೆ ಉಗುರಿನಡಿ ಮೆತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ ಕ್ರೇಯಾನ್ ಜಗ್ಗುವುದಿಲ್ಲ. ಆಯಿಲ್ ಪೇಸ್ಟಲ್ ಸೇರಿದರೆ ಬಿಲ್ಲೆ ಗಟ್ಟಿಯಾಗುವುದಿಲ್ಲ, ಅದನ್ನೂ ಬೇರೆ ಇಡಿ. ಸುತ್ತಿದ ಕಾಗದ ಬರದಿದ್ದರೆ ಹತ್ತು ನಿಮಿಷ ನೀರಲ್ಲಿ ನೆನೆಸಿ, ಬಿಡಿಸಿ, ಚೆನ್ನಾಗಿ ಒರೆಸಿ. ಚೂರು ಮಾಡುವುದು, ಬಣ್ಣ ಜೋಡಿಸುವುದು ಎಲ್ಲ ಮಕ್ಕಳೇ ಮಾಡಲಿ. ನಾವೇ ಮಾಡಿ ಅವರನ್ನು ಸುಮ್ನೆ ನೋಡಲು ಕೂರಿಸಿದರೆ ಏನು ಬಂತು?

ಅಚ್ಚಿಗೆ ಯಾರದಾದರೂ ಮನೆಯ ಹಳೆ ಕಬ್ಬಿಣದ ಪಡ್ಡಿನ ಹಂಚು ತರಿಸಿ. ಕರಿ ಕಬ್ಬಿಣ ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಕುಳಿಗಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒಂದೊಂದರಲ್ಲಿ ಎರಡು ಮೂರು ಬಣ್ಣದ ಚೂರು ತುಂಬಿ. ಎಲ್ಲ ಬಣ್ಣ ಒಟ್ಟಿಗೆ ಸುರಿದರೆ ರಾಡಿ ಬಣ್ಣ ಆಗುತ್ತದೆ. ಮೇಲೆ ಹಳೆ ಫೋಟೋ ಫ್ರೇಮಿನ ಗಾಜು ಮುಚ್ಚಿ, 11 ಗಂಟೆ ಹೊತ್ತಿಗೆ ಮಾಳಿಗೆ ಮೇಲಿಡಿ. ಕ್ರೇಯಾನ್ 50 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಮೊದಲು ಅಂಚು ಹೊಳೆಯುತ್ತದೆ, ಆಮೇಲೆ ಚೂರುಗಳು ಒಂದರೊಳಗೊಂದು ಜಾರುತ್ತವೆ. ಆಗ ಕಲಕಬೇಡಿ, ಬಣ್ಣದ ಗೆರೆಗಳು ಹಾಗೇ ಉಳಿಯಲಿ. ಹಂಚು ಕೈ ಸುಡುವಷ್ಟು ಕಾದಿರುತ್ತದೆ, ದೊಡ್ಡವರೇ ಬಟ್ಟೆ ಹಿಡಿದು ಎತ್ತಬೇಕು. ನೆರಳಿಗೆ ತಂದು, ಹರವಿಯ ನೀರು ಹಾಕಿದ ಪರಾತದಲ್ಲಿ ಇಟ್ಟರೆ ಬಿಲ್ಲೆ ಬೇಗ ಬಿಡುತ್ತದೆ. ನೀರು ಕುಳಿಯೊಳಗೆ ಹೋಗಬಾರದು. ಸಣ್ಣ ಮಕ್ಕಳ ಮುಷ್ಟಿಗೆ ಈ ಅರ್ಧ ಉಂಡೆ ಉದ್ದನೆ ಕ್ರೇಯಾನ್‌ಗಿಂತ ಚೆನ್ನಾಗಿ ಕೂರುತ್ತದೆ. ಒಮ್ಮೆ ಮೇಣ ಹಾಕಿದ ಹಂಚಲ್ಲಿ ಮತ್ತೆ ಪಡ್ಡು ಬೇಡ, ಅದನ್ನು ಶಾಲೆಯಲ್ಲೇ ಇಟ್ಟುಬಿಡಿ.

ಇನ್ನು ಸ್ಕೆಚ್ ಪೆನ್. ಹಿಂದಿನ ಮುಚ್ಚಳ ಇಕ್ಕಳದಿಂದ ಕಿತ್ತು, ಒಳಗಿನ ಬತ್ತಿ ತೆಗೆದು, ಒಂದೇ ಬಣ್ಣದ ಮೂರು ನಾಲ್ಕು ಬತ್ತಿ ಸ್ವಲ್ಪವೇ ನೀರಲ್ಲಿ ರಾತ್ರಿಯಿಡೀ ನೆನೆಸಿ. ನೀರು ಜಾಸ್ತಿ ಆದರೆ ಬಣ್ಣ ತೆಳುವಾಗುತ್ತದೆ. ಪರ್ಮನೆಂಟ್ ಮಾರ್ಕರ್‌ಗೆ ಇದು ನಡೆಯುವುದಿಲ್ಲ, ಅದರ ಇಂಕು ನೀರಿನದಲ್ಲ.

ಈ ಬಣ್ಣದ ನೀರಿಗೆ ನಿಮ್ಮ ಸೀಮೆಸುಣ್ಣ ಸೇರಿದರೆ ಪೋಸ್ಟರ್ ಕಲರ್‌ನಂಥ ದಪ್ಪ ಬಣ್ಣ ಸಿಗುತ್ತದೆ. ಚೂರನ್ನು ಒಣದಾಗಿ ಕುಟ್ಟಬೇಡಿ, ಧೂಳು ಮಕ್ಕಳ ಮೂಗಿಗೆ ಹೋಗುತ್ತದೆ. ನೆನೆಸಿ ಕಿವುಚಿದರೆ ಸಾಕು. ಹಿಡಿತಕ್ಕೆ ಅಂಟು ಬೇಕಲ್ವಾ? ಕೊಪ್ಪಳ ಪಕ್ಕದ ಕಿನ್ನಾಳದಲ್ಲಿ ಕಟ್ಟಿಗೆ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ, ಅದೇ ಮಾಡಿ ನೋಡಿ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಮನೆಯಲ್ಲೇ ನೀರು ಹಾಕಿ ಕುದಿಸಿ ತನ್ನಿ. ಎಲ್ಲ ಕಲಸಿದಾಗ ದೋಸೆ ಹಿಟ್ಟಿನ ಹದ ಬರಬೇಕು. ಸೆಕೆಗೆ ಈ ಅಂಟು ಬೇಗ ಹುಳಿ ವಾಸನೆ ಬರುತ್ತದೆ, ಅಂದಿನದು ಅಂದೇ ಮುಗಿಸಿ.

ಸ್ಕೆಚ್ ಪೆನ್ ಬಣ್ಣ ಬಿಸಿಲಿಗೆ ಮಾಸುತ್ತದೆ. ಆ ಚಿತ್ರಗಳನ್ನು ಪಡಸಾಲೆಯಲ್ಲಿ ತೂಗುಹಾಕದೆ ತರಗತಿ ಒಳಗಿನ ಗೋಡೆಗೆ ಹಚ್ಚಿ.